ಒಂದು ಡೋಸ್ ತಪ್ಪಿದರೆ ಲಸಿಕೆಯನ್ನು ಮೊದಲಿನಿಂದ ಹಾಕಿಸಬೇಕೇ?

ಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳಿಂದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದಾಗ ಕೂಸಿನ ಲಸಿಕೆಯ ದಿನ ದಾಟಿಹೋಗುವುದುಂಟು. ಅದು ತಂದೆತಾಯಿಯ ಅಸಡ್ಡೆಯಲ್ಲ, ಹೊಟ್ಟೆಪಾಡು.

ನಾಯಿಕೆಮ್ಮನ್ನೂ ತಡೆಯುವ ಪೆಂಟಾವೇಲೆಂಟ್ ಲಸಿಕೆಯನ್ನು 6, 10 ಮತ್ತು 14ನೇ ವಾರಗಳಲ್ಲಿ ಕೊಡುತ್ತಾರೆ. ಮೊದಲ ಡೋಸಿಗೇ ರೋಗಾಣುವಿನ ಗುರುತು ಹಿಡಿಯುವ ನೆನಪಿನ ಕೋಶಗಳು ಮಗುವಿನ ಮೈಯಲ್ಲಿ ಹುಟ್ಟತೊಡಗುತ್ತವೆ. ಮುಂದಿನ ಡೋಸ್ ಕೆಲವು ತಿಂಗಳು ತಡವಾದ ಮಾತ್ರಕ್ಕೆ ಅವು ಅಳಿಯುವುದಿಲ್ಲ. ಬೇಗ ಮುಗಿಸುವ ಆತುರವೂ ಸಲ್ಲದು: ಎರಡು ಡೋಸುಗಳ ನಡುವೆ ಕನಿಷ್ಠ 4 ವಾರ ಇರಲೇಬೇಕು. ಆದರೆ ತಡವಾದಷ್ಟೂ ದಿನ ಮಗುವಿಗಿರುವುದು ಅರೆಬರೆ ರಕ್ಷಣೆ. ನಾಯಿಕೆಮ್ಮು ಎಳೆಗೂಸುಗಳ ಪ್ರಾಣಕ್ಕೇ ಎರವಾಗುವ ಕಾಯಿಲೆ ಎಂಬುದನ್ನು ಮರೆಯುವಂತಿಲ್ಲ.

ಕೆಲವು ಲಸಿಕೆಗಳಿಗೆ ವಯಸ್ಸಿನ ಮಿತಿಯಿದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಬಿಸಿಜಿ ಒಂದು ವರ್ಷದೊಳಗೆ ಆಗಬೇಕು. ತಪ್ಪಿದ ದಡಾರ-ರುಬೆಲ್ಲ ಲಸಿಕೆಯನ್ನು 5 ವರ್ಷದವರೆಗೂ ಹಾಕಿಸಬಹುದು.

ಸಣ್ಣ ನೆಗಡಿ, ಕೆಮ್ಮು ಇದ್ದರೆ ಲಸಿಕೆ ಮುಂದೂಡಬೇಕಿಲ್ಲ. ಹಿಂದಿನ ಡೋಸಿನ ಬಳಿಕ ಫಿಟ್ಸ್ ಬಂದಿದ್ದರೆ, ಉಸಿರು ಕಟ್ಟಿದ್ದರೆ, ಮೈಯೆಲ್ಲ ದದ್ದು ಎದ್ದಿದ್ದರೆ ಮಾತ್ರ ಮಕ್ಕಳ ವೈದ್ಯರಿಗೆ ಮೊದಲೇ ಹೇಳಬೇಕು. ತಾಯಿ ಕಾರ್ಡ್ ಜೊತೆಗಿದ್ದರೆ ಯಾವ ಡೋಸ್ ಬಾಕಿ ಎಂಬುದು ಎಲ್ಲಿಯಾದರೂ ತಿಳಿಯುತ್ತದೆ. ಕೊಡಗಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಉಳಿದ ಲಸಿಕೆಯನ್ನು ಉಚಿತವಾಗಿ ಹಾಕಿಸಬಹುದು.