ವಿದ್ಯುತ್ತಿಗೆ ಮಣಿಯುವ ದ್ರವ

ದೇವನಹಳ್ಳಿಯ ಹಣ್ಣಿನಂಗಡಿಗಳಲ್ಲಿ ಚಕ್ಕೋತದ ಲೆಕ್ಕ ಹಾಕುವ ಪುಟ್ಟ ಕ್ಯಾಲ್ಕುಲೇಟರಿನ ಬೂದುಗಾಜಿನ ಮೇಲೆ ಮೂಡುವ ಕಪ್ಪು ಅಂಕಿಗಳು ಉರಿಯುವ ದೀಪಗಳಲ್ಲ, ಬರೆದ ಮಸಿಯೂ ಅಲ್ಲ. ಎರಡು ಗಾಜುಗಳ ನಡುವಣ, ಕೂದಲೆಳೆಯ ದಪ್ಪದ ಹತ್ತರಲ್ಲೊಂದು ಪಾಲಿನಷ್ಟು ಎಡೆಯಲ್ಲಿ ತುಂಬಿದ ದ್ರವದ ಅಣುಗಳು, ಕೆಲವೇ ವೋಲ್ಟುಗಳ ವಿದ್ಯುತ್ತಿಗೆ ಮಣಿದು ಹೊರಳಿ ನಿಂತುದರ ಗುರುತುಗಳು.

ದ್ರವವೊಂದು ಇಷ್ಟು ಅಲ್ಪ ಪ್ರೇರಣೆಗೆ ಮಣಿಯುವುದು ಸಾಮಾನ್ಯ ಸಂಗತಿಯಲ್ಲ. ನೀರಿನ ಅಣುವಿನಲ್ಲಿ ಆಕ್ಸಿಜನ್ನಿನ ಕಡೆ ಋಣ ವಿದ್ಯುದಂಶವೂ ಹೈಡ್ರೊಜನ್ನಿನ ಕಡೆ ಧನ ವಿದ್ಯುದಂಶವೂ ಇರುವುದರಿಂದ, ವಿದ್ಯುತ್ ಕ್ಷೇತ್ರದ ದಿಕ್ಕಿಗೆ ತಿರುಗಲು ಅದು ಯತ್ನಿಸುತ್ತದೆ, ನಿಜ. ಆದರೆ ಮಿಲಿಮೀಟರಿಗೆ ಸಾವಿರ ವೋಲ್ಟುಗಳಷ್ಟು ಪ್ರಬಲವಾದ ಕ್ಷೇತ್ರದಲ್ಲಿಯೂ ಒಂಟಿ ಅಣುವಿಗೆ ತಿರುಗಲು ಒದಗುವ ಶಕ್ತಿ, ಅದನ್ನು ಎತ್ತೆತ್ತಲೋ ಹೊರಳಾಡಿಸುವ ಉಷ್ಣಚಲನೆಯ ಶಕ್ತಿಯಲ್ಲಿ ಸುಮಾರು 600ರಲ್ಲೊಂದು ಪಾಲು ಮಾತ್ರ. ನೀರಿನ ಅಣುಗಳೆಲ್ಲ ಶಿಸ್ತಾಗಿ ಸಾಲುಗಟ್ಟಿದಂತೆ ತೋರಿಸುವ ಪಠ್ಯಪುಸ್ತಕದ ಚಿತ್ರಗಳನ್ನು ಆದುದರಿಂದಲೇ ನಾನು ಮೆಚ್ಚಲಾರೆ.

ಕ್ಯಾಲ್ಕುಲೇಟರಿನೊಳಗಿನ ಕ್ಷೇತ್ರವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ್ದು. ಅಲ್ಲಿರುವುದು ಮಾತ್ರ ದ್ರವಸ್ಫಟಿಕ, ಎಂದರೆ 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ರೈನಿಟ್ಜರ್ ಮೊದಲು ಗುರುತಿಸಿದ ಪದಾರ್ಥಗಳ ಜಾತಿಯದು. ಅದರ ನೀಳವಾದ ಅಣುಗಳು ದ್ರವದಂತೆ ಹರಿದಾಡುತ್ತಿದ್ದರೂ ನೆರೆಯ ಅಣುಗಳಿಗೆ ಸಮಾಂತರವಾಗಿಯೇ ಉಳಿಯುತ್ತವೆ. ದೇವನಹಳ್ಳಿಯ ಜಾತ್ರೆಯಲ್ಲಿ ಚದರಿ ಅಲೆಯುವ ಜನರಿಂದ ವೇಣುಗೋಪಾಲಸ್ವಾಮಿಯ ತೇರು ಕದಲದು, ಅವರೇ ಹಗ್ಗಕ್ಕೆ ಕೈಹಚ್ಚಿದರೆ ಸಾಗುತ್ತದೆ; ಅಂತೆಯೇ ಇಲ್ಲಿ ಅಸಂಖ್ಯ ಅಣುಗಳ ಅಲ್ಪಬಲಗಳು ಕೂಡಿ ಉಷ್ಣದ ಕೋಲಾಹಲವನ್ನು ಮೀರುತ್ತವೆ. ಎರಡೂ ಗಾಜುಗಳ ಮೈಯನ್ನು ಪರಸ್ಪರ ಲಂಬವಾದ ದಿಕ್ಕುಗಳಲ್ಲಿ ಉಜ್ಜಿ, ಮೇಲಿನ ಗಾಜಿನಿಂದ ಕೆಳಗಿನದಕ್ಕೆ ಅಣುಗಳ ಸಾಲು 90 ಡಿಗ್ರಿ ತಿರುಚಿಕೊಳ್ಳುವಂತೆ ಮಾಡಿರುತ್ತಾರೆ. ಧ್ರುವೀಕೃತ ಬೆಳಕು, ಎಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು, ಆ ತಿರುಚನ್ನು ಅನುಸರಿಸಿ ತಾನೂ ತಿರುಗಿ, ಎದುರು ಬದಿಯ ಧ್ರುವೀಕಾರಕ ಹಾಳೆಯ ಮೂಲಕ ಹಾದುಹೋಗುತ್ತದೆ. ವಿದ್ಯುತ್ತು ಒಂದು ಮಿತಿಯನ್ನು ದಾಟಿದೊಡನೆ ಅಣುಗಳು ಗಾಜಿಗೆ ಲಂಬವಾಗಿ ಎದ್ದು ನಿಲ್ಲುವುದರಿಂದ ತಿರುಚು ಅಳಿದು, ಬೆಳಕು ತಡೆಗೊಂಡು, ಆ ಭಾಗ ಕಪ್ಪಾಗುತ್ತದೆ. ವಿಶೇಷವೇನೆಂದರೆ, ಧನ ಋಣಗಳನ್ನು ಅದಲುಬದಲು ಮಾಡಿದರೂ ಅಣುಗಳು ನಿಂತಂತೆಯೇ ನಿಲ್ಲುತ್ತವೆ; ಒಂದೇ ದಿಕ್ಕಿನ ವಿದ್ಯುತ್ತು ದ್ರವವನ್ನು ಕೆಡಿಸುವುದರಿಂದ ಈ ಗುಣ ಬಹಳ ಉಪಕಾರಿ. ಬಿಸಿಲಿಗೆ ಕಾದು ಗಾಜೆಲ್ಲ ಕಪ್ಪಾದರೆ ಉಷ್ಣವೇ ಗೆದ್ದಿತೆಂದು ತಿಳಿಯಬೇಕು.

ದೇವನಹಳ್ಳಿಯಿಂದ ಬಳ್ಳಾರಿ ರಸ್ತೆ ಹಿಡಿದು ಬೆಂಗಳೂರಿಗೆ ಬರುವಾಗ ಮೇಖ್ರಿ ವೃತ್ತದ ಸಮೀಪದಲ್ಲಿಯೇ ಸಿಗುವ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಿಂದ 1971ರಲ್ಲಿ ಬಂದ ಎಸ್. ಚಂದ್ರಶೇಖರ್ ಅವರು ದ್ರವಸ್ಫಟಿಕಗಳ ಪ್ರಯೋಗಾಲಯವನ್ನು ಕಟ್ಟಿದರು. ನೀಳವಾದ ಅಣುಗಳಷ್ಟೇ ದ್ರವಸ್ಫಟಿಕವಾಗಬಲ್ಲವೆಂದು ಜಗತ್ತು ನಂಬಿದ್ದಾಗ, ಅವರೂ ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರೂ ಚಪ್ಪಟೆ ಬಿಲ್ಲೆಯಾಕಾರದ ಅಣುಗಳೂ ಕಂಬಗಳಂತೆ ಪೇರಿಕೊಂಡು ದ್ರವಸ್ಫಟಿಕವಾಗುವುದನ್ನು 1977ರಲ್ಲಿ ತೋರಿಸಿಕೊಟ್ಟರು. ಓರೆಯಾಗಿ ನೋಡಿದರೆ ಚಿತ್ರ ಮಸುಕಾಗುವುದು ಹಳೆಯ ದ್ರವಸ್ಫಟಿಕ ಪರದೆಗಳ ದೊಡ್ಡ ದೋಷವಾಗಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿಯವರು ಅದನ್ನು ಬಹುಮಟ್ಟಿಗೆ ನಿವಾರಿಸಿದುದು ಇಂಥ ಬಿಲ್ಲೆಯಾಕಾರದ ಅಣುಗಳನ್ನೇ ಲೇಪಿಸಿದ ತೆಳುಹಾಳೆಯಿಂದ.