ನೊಯ್ಯಲ್ ಹಕ್ಕಿಗಳು ಏನು ತಿನ್ನುತ್ತವೆ?

ಕೊಯಮತ್ತೂರು: ಹೊಳೆಯ ದಡದಲ್ಲಿ ಹಕ್ಕಿ ಏನನ್ನು ಹೆಕ್ಕಿ ತಿನ್ನುತ್ತಿದೆ ಎಂದು ಗಮನಿಸಿದರೆ ಸಾಕು, ಆ ನೀರು ಎಂಥದ್ದು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ದಾಟಿ ಕರೂರು ಜಿಲ್ಲೆಯಲ್ಲಿ ಕಾವೇರಿ ಸೇರುವ ನೊಯ್ಯಲ್ ನದಿಯೇ ಇದಕ್ಕೆ ಉದಾಹರಣೆ.

ಮೊದಲು ಬೆಟ್ಟದ ಬುಡಕ್ಕೆ ಹೋಗೋಣ. ಸಿರುವಾಣಿ ತಪ್ಪಲಿನ ಹಳ್ಳಗಳಲ್ಲಿ ಚಳಿಗಾಲ ಬಂತೆಂದರೆ ಬೂದು ಸಿಪಿಲೆ ಹಾಜರ್. ತಮಿಳಿನಲ್ಲಿ ಸಿಪಿಲೆಗಳಿಗೆ ವಾಲಾಟ್ಟಿ ಎನ್ನುತ್ತಾರೆ, ಬಾಲ ಆಡಿಸುವ ಹಕ್ಕಿ ಎಂದು. ಹಿಮಾಲಯದ ಕಡೆಯಿಂದ ಸೆಪ್ಟೆಂಬರ್ ಹೊತ್ತಿಗೆ ಬರುವ ಈ ಪುಟ್ಟ ಹಕ್ಕಿಗೆ ಕಲ್ಲಿನಿಂದ ಕಲ್ಲಿಗೆ ಹಾರುತ್ತಾ ನೀರಿನ ಹುಳು ಹಿಡಿಯುವುದೇ ದಿನವಿಡೀ ಕೆಲಸ.

ಅದರ ಊಟದಲ್ಲಿ ಮುಖ್ಯವಾದದ್ದು ಮೇಫ್ಲೈ ಎಂಬ ಕೀಟ. ಇದರ ಮರಿ ತಿಂಗಳುಗಟ್ಟಲೆ ಕಲ್ಲಿನ ಅಡಿಯಲ್ಲಿ ಪಾಚಿ ಮೇಯ್ದು ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಆಯಸ್ಸು ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ತಿನ್ನಲು ಬಾಯಿಯೇ ಕೆಲಸ ಮಾಡುವುದಿಲ್ಲ! ಮರಿ ಉಸಿರಾಡುವುದು ಕಿವಿರಿನಿಂದ. ಕಲ್ಲಿಗೆ ಬಡಿದು ನೊರೆಯೆದ್ದು ಹರಿಯುವ ನೀರಿನಲ್ಲಿ ಗಾಳಿ ಚೆನ್ನಾಗಿ ಬೆರೆತಿರುವುದರಿಂದ ಅಲ್ಲಿ ಇವು ಹುಲುಸಾಗಿರುತ್ತವೆ.

ಕೆಳಗೆ ಇಳಿದಂತೆ ಕಥೆ ಬೇರೆ. ಚರಂಡಿ ನೀರು ಸೇರಿದರೆ ಅದರ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಬಣ್ಣದ ನೀರು ಸೇರಿದರೆ ಬಿಸಿಲು ತಳಕ್ಕೆ ಇಳಿಯದೆ ಕಲ್ಲಿನ ಪಾಚಿ ಸೊರಗುತ್ತದೆ. ಮೇಫ್ಲೈ ಮರಿಗೆ ಉಸಿರೂ ಇಲ್ಲ, ಊಟವೂ ಇಲ್ಲ. ತಿರುಪ್ಪೂರಿನ ಬನಿಯನ್ ಬಟ್ಟೆಗೆ ಬಣ್ಣ ಹಾಕಿದ ನೀರು ಎಷ್ಟೋ ವರ್ಷ ಹೀಗೇ ಹರಿಯಿತು. 1992ರಲ್ಲಿ ನೀರಾವರಿಗೆಂದು ಕಟ್ಟಿದ ಒರತುಪಾಳ್ಯಂ ಅಣೆಕಟ್ಟು ಕೊಳೆನೀರಿನ ತೊಟ್ಟಿಯಾಗಿ, ರೈತರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಒಂದು ತೊಟ್ಟೂ ಹೊರಗೆ ಬಿಡದಂತೆ ನೀರನ್ನು ಮರುಬಳಸಬೇಕೆಂಬ ಷರತ್ತು ಬಂತು. ಊರಿನ ಚರಂಡಿಯ ಕಾಟ ಮಾತ್ರ ಅದರಿಂದ ತಪ್ಪಲಿಲ್ಲ.

ಹಾಗಾದರೆ ಕೊಳೆನೀರಿನಲ್ಲಿ ಹಕ್ಕಿಗಳೇ ಇಲ್ಲವೇ? ಇವೆ, ಕೆಲವೊಮ್ಮೆ ಗುಂಪುಗುಂಪಾಗಿಯೇ. ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ಕೆಸರಿನಲ್ಲಿ ಹುಡುಕುವುದು ಕೆಂಪು ಹುಳುಗಳನ್ನು. ಅಕ್ವೇರಿಯಂ ಅಂಗಡಿಯಲ್ಲಿ ಬ್ಲಡ್ ವರ್ಮ್ ಎಂದು ಮಾರುತ್ತಾರಲ್ಲ, ಅವೇ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅವುಗಳ ಮೈಯಲ್ಲೂ ಇರುವುದರಿಂದ ಗಾಳಿ ಕಡಿಮೆ ಇದ್ದರೂ ಬದುಕುತ್ತವೆ. ಆದ್ದರಿಂದ ಹಕ್ಕಿಗಳ ಸಂಖ್ಯೆ ನೋಡಿ ನೀರು ಚೊಕ್ಕಟವಾಯಿತು ಎಂದು ಪಟಾಕಿ ಹೊಡೆಯುವುದು ಅವಸರವಾದೀತು. ಯಾವ ಹಕ್ಕಿ, ಏನು ತಿನ್ನುತ್ತಿದೆ ಎಂಬುದನ್ನು ನೋಡಬೇಕು. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ತಿರುಪ್ಪೂರಿನ ನಂಜರಾಯನ್ ಕೆರೆಗೂ (ಹೆಸರು ಕನ್ನಡ ಕಿವಿಗೆ ಹೊಸದೇನಲ್ಲ) ಈ ಮಾತು ಅನ್ವಯಿಸುತ್ತದೆ.

ಹುಳು ಯಾವುದಾದರೇನು, ಹೊಟ್ಟೆ ತುಂಬಿದರಾಯಿತಲ್ಲ ಎನ್ನುವಂತಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕವಲುತೋಕೆ ಜಾತಿಯ ಮರಿಗಳಿಗೆ ಬೇರೆಬೇರೆ ಆಹಾರ ಕೊಟ್ಟು ನೋಡಿದರು. ನೀರಿನ ಕೀಟಗಳಲ್ಲಿ ಹೆಚ್ಚಾಗಿರುವ ಒಮೆಗಾ-3 ಕೊಬ್ಬು ಸಿಕ್ಕ ಮರಿಗಳು ಕಡಿಮೆ ತಿಂದರೂ ಚೆನ್ನಾಗಿ ಬೆಳೆದವು. ವೇಲ್ಸ್‌ನ ನದಿಗಳಲ್ಲಿ ಇದರ ಇನ್ನೊಂದು ಮುಖ ಕಂಡಿತು: ಡಿಪ್ಪರ್ ಎಂಬ ಹಕ್ಕಿ ಕೀಟಗಳ ಜೊತೆ ದಿನಕ್ಕೆ ಸುಮಾರು 200 ಪ್ಲಾಸ್ಟಿಕ್ ಚೂರು ನುಂಗುತ್ತಿದೆ ಎಂದು 2020ರಲ್ಲಿ ಕಾರ್ಡಿಫ್ ವಿಜ್ಞಾನಿಗಳು ಅಂದಾಜಿಸಿದರು.

ನಿಮ್ಮೂರ ಹಳ್ಳ ತಾಳವಾಡಿ ಕಡೆಯದಿರಲಿ, ಗುಂಡ್ಲುಪೇಟೆ ಕಡೆಯದಿರಲಿ, ಪರೀಕ್ಷೆ ಸುಲಭ. ಹರಿಯುವ ನೀರಿನಲ್ಲಿ ಅಂಗೈ ಅಗಲದ ಕಲ್ಲೊಂದನ್ನು ಮಗುಚಿ ನೋಡಿ. ಹಿಂದೆ ಎಳೆಯಂಥ ಮೂರು ಬಾಲವಿರುವ ಚಪ್ಪಟೆ ಹುಳು ಓಡಿದರೆ ಅದು ಮೇಫ್ಲೈ ಮರಿ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಇಡಿ, ಸಿಪಿಲೆಯ ಬುತ್ತಿ ಅದರಡಿಯಲ್ಲೇ ಇದೆ.