ಅಂಕಿತವಿಲ್ಲದ ಮಾತು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತನ್ನು ಪಾಲಿಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಬೋಧೆ ಅದರಲ್ಲಿದೆ. ಸುವರ್ಣಗಿರಿಯಿಂದ ಅದನ್ನು ಕಳುಹಿಸಿದವರು ಯಾರು, ಇಸಿಲದಲ್ಲಿ ಅದು ಯಾರಿಗೆ ತಲುಪಬೇಕು ಎಂಬುದು ಆರಂಭದಲ್ಲಿಯೇ ಉಂಟು. ಬರೆದ ಲಿಪಿಕಾರ ಚಪಡನ ಹೆಸರು ಕೊನೆಯಲ್ಲಿದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳಿಗೂ ಅಂಕಿತವಿದೆ. ಅದರಿಂದಲೇ ಇದು ಯಾರ ನುಡಿ ಎಂದು ಗುರುತಿಸುತ್ತೇವೆ. ಮಾತಿಗೆ ಒಬ್ಬ ಹೊಣೆಗಾರನಿರಬೇಕು ಎಂಬ ವಿವೇಕ ಈ ನೆಲಕ್ಕೆ ಹೊಸದಲ್ಲ.

ಇಂದು ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ದುಡಿಯುವವರ ಕೈಯಲ್ಲಿಯೂ ಮೊಳಕಾಲ್ಮೂರಿನ ರೇಷ್ಮೆ ಮಗ್ಗದಲ್ಲಿ ನೇಯುವವರ ಕೈಯಲ್ಲಿಯೂ ಮೊಬೈಲ್ ಇದೆ. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ದಾಟುವ ಸಂದೇಶವನ್ನು ಮೊದಲು ಬರೆದವರು ಯಾರೆಂದು ತಿಳಿಯದು. ಆದರೆ ನಮಗೆ ಅದನ್ನು ಕಳುಹಿಸುವವರು ಬಂಧುಗಳೋ ನೆರೆಹೊರೆಯವರೋ ಆಗಿರುತ್ತಾರೆ. ಅವರ ಮೇಲಿನ ವಿಶ್ವಾಸವೇ ಸಂದೇಶದ ಮೇಲಿನ ವಿಶ್ವಾಸವಾಗಿಬಿಡುತ್ತದೆ. ಅದೇ ಸಂದೇಶ ನಾಲ್ಕು ಗುಂಪುಗಳಲ್ಲಿ ಕಂಡರೆ, ಮೂಲ ಒಂದೇ ಆಗಿದ್ದರೂ, ನಾಲ್ವರು ಸಾಕ್ಷಿ ನುಡಿದಂತೆ ಭಾಸವಾಗುತ್ತದೆ. ಫೇಸ್‌ಬುಕ್, ಯೂಟ್ಯೂಬ್‌ಗಳ ಸ್ವರೂಪ ಬೇರೆ. ಅವುಗಳ ಆದಾಯ ಜಾಹೀರಾತಿನಿಂದ ಬರುವುದರಿಂದ, ನೋಡುಗರನ್ನು ಹೆಚ್ಚು ಹೊತ್ತು ಹಿಡಿದಿಡುವುದೇ ಅವುಗಳಿಗೆ ಲಾಭ. ಭಯ ಮತ್ತು ಕೋಪವನ್ನು ಕೆರಳಿಸುವ ವಿಷಯಗಳು ಮನಸ್ಸನ್ನು ಬೇಗನೆ ಸೆಳೆಯುತ್ತವೆ. ವಿವೇಕದ ಮಾತು ಹಿಂದೆ ಬೀಳುತ್ತದೆ.

ಇದರ ಪರಿಣಾಮವನ್ನು ನಮ್ಮ ನಾಡು ಕಂಡಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಎಲ್ಲೆಡೆ ಹರಡಿತ್ತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರ ಮೇಲೆ ಜನರಿಗೆ ಸಂಶಯ ಹುಟ್ಟಿತು. ಅವರ ಕಾರಿಗಿಂತ ಮೊದಲೇ ವಾಟ್ಸಾಪ್ ಸಂದೇಶ ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ನೆರೆದ ಗುಂಪಿನ ಹೊಡೆತಕ್ಕೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಮಕ್ಕಳ ಮೇಲಿನ ಮಮತೆಯೇ ಅಂದು ಸುಳ್ಳಿನ ಆಯುಧವಾಯಿತು.

ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಈ ಮಿತಿ ಸುಳ್ಳಿನ ವೇಗವನ್ನು ತಗ್ಗಿಸಬಲ್ಲದು, ಸುಳ್ಳನ್ನು ಸತ್ಯವಾಗಿಸಲಾರದು. ಪರಾಮರ್ಶೆ ನಮ್ಮದೇ ಆಗಬೇಕು. ಇದನ್ನು ಕಣ್ಣಾರೆ ಕಂಡವರು ಯಾರು? ಎಲ್ಲಿ, ಯಾವಾಗ ನಡೆಯಿತು? ಇದರ ಕೆಳಗೆ ನನ್ನ ಹೆಸರನ್ನು ಬರೆದು ಊರಿನ ಕಟ್ಟೆಯ ಮೇಲೆ ಓದಿ ಹೇಳಬಲ್ಲೆನೆ? ಉತ್ತರ ದೊರೆಯದಿದ್ದರೆ ಆ ಸಂದೇಶ ನಮ್ಮಲ್ಲಿಯೇ ನಿಲ್ಲಲಿ.